ಉಳಿದವರಿಗೆ ಉಳಿದ ಬಿಸಿಲು

ಬೆಳಗಿನ ಆಟದ ಸರದಿಗಳನ್ನೆಲ್ಲ ಕ್ಲಬ್ಬಿನ ಸಮಿತಿಯವರು ತಮ್ಮೊಳಗೇ ಹಂಚಿಕೊಂಡರು. ಉಳಿದ ಬಿಸಿಲನ್ನು ಉಳಿದವರಿಗೆ ಹಂಚಿದರು.

ಹಾಗೆ ಹಂಚಿದ್ದರಲ್ಲಿ ಡ್ರಾಯಿಂಗ್ ಮೇಷ್ಟ್ರ ಪಾಲಿಗೆ ಬಂದದ್ದು ನಡುಮಧ್ಯಾಹ್ನ. ಹೋದ ವಾರವೂ ಅದೇ, ಅದರ ಹಿಂದಿನ ವಾರವೂ ಅದೇ. ನಿವೃತ್ತರಿಗೆಂದೇ ಕಟ್ಟಿದ ಆ ಬಡಾವಣೆಯಲ್ಲಿ ಆಡುವ ಮನೆಗಳು ಹಲವು, ಗಾಲ್ಫ್ ಮೈದಾನ ಒಂದು. ಸಂಜೆ ಹುಲ್ಲಿಗೆ ನೀರು ಬಿಡುವುದರಿಂದ ಆಟವೆಲ್ಲ ಬಿಸಿಲಿರುವಾಗಲೇ ಮುಗಿಯಬೇಕು. ಮುಂದಿನ ವಾರ ಯಾರಿಗೆ ಯಾವ ಹೊತ್ತು ಎನ್ನುವುದು ಶನಿವಾರ ಸಂಜೆ ಕ್ಲಬ್ಬಿನ ಹಾಲ್‌ನಲ್ಲಿ ತೀರ್ಮಾನವಾಗುತ್ತಿತ್ತು. ಮನೆಗೊಂದು ಗಾಲ್ಫ್ ಚೆಂಡು, ಚೆಂಡಿನ ಮೇಲೆ ಮನೆಯ ನಂಬರು. ಮನೆಯವರೇ ಅದನ್ನು ತಂದು, ಎಲ್ಲರ ಕಣ್ಣೆದುರು, ದೊಡ್ಡ ಬಕೆಟ್ಟಿಗೆ ಹಾಕಬೇಕು. ಸಮಿತಿಯ ಅಧ್ಯಕ್ಷರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದೇ ಎತ್ತುತ್ತಾರೆ. ಮೊದಲು ಬಂದ ಚೆಂಡಿಗೆ ಮುಂಜಾವು, ಆಮೇಲೆ ಬಂದದ್ದಕ್ಕೆ ಆಮೇಲಿನ ಹೊತ್ತು.

ಇದಕ್ಕಿಂತ ಪಾರದರ್ಶಕವಾದ ವ್ಯವಸ್ಥೆ ಭೂಮಿಯ ಮೇಲೇ ಇಲ್ಲ ಎಂದು ಅಧ್ಯಕ್ಷರು ಪ್ರತಿ ಶನಿವಾರ ಹೇಳುತ್ತಿದ್ದರು. ಅವರು ಹಿಂದೆ ಕಮಿಷನರಾಗಿದ್ದವರು. ನಿವೃತ್ತಿಯ ದಿನ ಸರ್ಕಾರ ಅವರಿಂದ ಕಾರು, ಬಂಗಲೆ, ಆಳುಕಾಳು ಎಲ್ಲವನ್ನೂ ವಾಪಸು ತೆಗೆದುಕೊಂಡು, ದನಿಯೊಂದನ್ನು ಮರೆತು ಬಿಟ್ಟುಹೋಗಿತ್ತು.

ಮೇಷ್ಟ್ರಿಗೆ ಗಾಲ್ಫ್ ಎಂದರೆ ಚೆಂಡನ್ನು ದೂರ ಎಸೆದು ಆಮೇಲೆ ಹುಡುಕಿಕೊಂಡು ಹೋಗುವ ದಂಡದ ಕೆಲಸ. ಹುಚ್ಚು ಇದ್ದದ್ದು ಅವರ ಹೆಂಡತಿಗೆ. ಇಬ್ಬರೂ ಒಂದೇ ಶಾಲೆಯಲ್ಲಿದ್ದವರು, ಆಕೆ ಪಿ.ಟಿ. ಟೀಚರ್. ಈಗಲೂ ಮೇಷ್ಟ್ರು ಆಕೆಯನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಆಕೆ ಕೋಲು ಬೀಸಿದರೆ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಆದರೆ ಇತ್ತೀಚೆಗೆ ಆಕೆಯ ಚರ್ಮಕ್ಕೆ ಬಿಸಿಲು ತಾಗುವ ಹಾಗಿಲ್ಲ. ತಾಗಿದರೆ ಮುಖವೆಲ್ಲ ಸುಟ್ಟಂತೆ ಕೆಂಪಾಗಿ, ಜ್ವರ ಏರುತ್ತಿತ್ತು. ನಡುಮಧ್ಯಾಹ್ನ ಮೈದಾನಕ್ಕೆ ಇಳಿದರೆ ಸೀದಾ ಆಸ್ಪತ್ರೆಗೇ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಆದರೂ ಶುಕ್ರವಾರ ತಡೆಯಲಾರದೆ ಇಳಿದು, ಅರ್ಧ ಆಟಕ್ಕೇ ವಾಪಸು ಬಂದು ಮಲಗಿದ್ದಳು.

ಶನಿವಾರ ಬೆಳಿಗ್ಗೆ ಆಕೆ ಕೋಲುಗಳ ಚೀಲದ ಜಿಪ್ ಎಳೆಯುತ್ತ ಹೇಳಿದಳು: "ನೋಡ್ರೀ, ಇವತ್ತೂ ಬೆಳಗಿನ ಸರದಿ ಸಿಗ್ಲಿಲ್ಲ ಅಂದ್ರೆ ಇದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಬಾಲ್ಕನೀಲಿ ಕೂತು ಆ ಅಧ್ಯಕ್ಷ ಬಟ್ಟೆ ಒಗೆದ ಹಾಗೆ ಕೋಲು ಬೀಸೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ."

ಆಕೆಯ ಕೆನ್ನೆಗೆ ಒತ್ತಲು ಐಸ್ ಬೇಕಿತ್ತು, ಮನೆಯಲ್ಲಿ ಮುಗಿದಿತ್ತು. ಮೇಷ್ಟ್ರು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದರು. ಪಕ್ಕದ ಮನೆಯ ಮ್ಯಾನೇಜರು ಸಮಿತಿಯ ಸದಸ್ಯರು. ಬಾಗಿಲು ತೆಗೆದದ್ದು ಅವರ ಹೆಂಡತಿ.

ಆಕೆ ಫ್ರೀಜರ್ ತೆಗೆದಾಗ ಬಟಾಣಿಯ ಪ್ಯಾಕೆಟ್ಟಿನ ಮೇಲೆ, ಗೂಡಿನ ಮೊಟ್ಟೆಯ ಹಾಗೆ, ಆ ಮನೆಯ ನಂಬರಿನ ಚೆಂಡು ಕೂತಿತ್ತು.

"ಇದೇನಮ್ಮಾ ಇಲ್ಲಿ?"

"ಅಯ್ಯೋ, ಅದು ಶನಿವಾರ ಶನಿವಾರ ಇಲ್ಲೇ ಇರೋದು ಮೇಷ್ಟ್ರೇ. ಅಧ್ಯಕ್ಷರು ಹೇಳಿದ್ದಾರಂತೆ, ಸಮಿತಿಯವರು ಚೆಂಡನ್ನ ಸಂಜೆವರೆಗೂ ಫ್ರೀಜರಲ್ಲೇ ಇಡಬೇಕು ಅಂತ. ಕೆಡಬಾರದಲ್ಲ."

ಮೇಷ್ಟ್ರು ಐಸ್ ತುಂಬಿದ ಬಟ್ಟಲು ಹಿಡಿದು ಅಲ್ಲೇ ನಿಂತರು. ಕಣ್ಣಿಗೆ ಬಟ್ಟೆ ಕಟ್ಟಿದರೇನಂತೆ, ಕೈಗೆ ಕಟ್ಟಿಲ್ಲವಲ್ಲ. ತಣ್ಣಗಿದ್ದದ್ದು ಮೊದಲು ಬರುತ್ತದೆ, ಬೆಚ್ಚಗಿದ್ದದ್ದು ಬಿಸಿಲಿಗೆ ಹೋಗುತ್ತದೆ. ಇಷ್ಟು ಸಣ್ಣ ಕಳ್ಳತನಕ್ಕೆ ಇಷ್ಟು ದೊಡ್ಡ ಭಾಷಣವೇ ಅನ್ನಿಸಿತು ಅವರಿಗೆ. ಸಿಟ್ಟು ಬರಬೇಕಿತ್ತು, ಬಂದದ್ದು ಆಕಳಿಕೆ. ಶಾಲೆಯಲ್ಲಿ ಬಣ್ಣದ ಪೆಟ್ಟಿಗೆಗಳು ಹೆಡ್ಮಾಸ್ಟರ ಮನೆಗೆ ಹೋಗುತ್ತಿದ್ದಾಗಲೂ ಅವರಿಗೆ ಹೀಗೇ ಆಗುತ್ತಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದರು. "ನಾವೂ ಫ್ರೀಜರಲ್ಲಿ ಇಡೋಣ ಟೀಚರ್. ಒಂದೇ ಒಂದು ಸಲ."

"ಆಟದಲ್ಲಿ ಮೋಸ ಮಾಡಿದ ಹುಡುಗರನ್ನ ನಾನು ಮೈದಾನದ ಸುತ್ತ ಓಡಿಸ್ತಿದ್ದೆ. ನೀವೂ ಓಡ್ತೀರಾ?"

"ನನ್ನ ಮಂಡಿ ಗೊತ್ತಲ್ಲ ನಿಂಗೆ."

"ಹಾಗಾದ್ರೆ ಸುಮ್ನೆ ಕೂತ್ಕೊಳ್ಳಿ."

ಮೇಷ್ಟ್ರು ಸುಮ್ಮನೆ ಕೂತರು, ಆಕೆ ಮಲಗುವವರೆಗೆ. ಆಮೇಲೆ ಚೆಂಡನ್ನು ಜೇಬಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ, ಮಹಡಿಯ ನರ್ಸಮ್ಮನ ಬಾಗಿಲು ತಟ್ಟಿದರು. "ಇದನ್ನ ಸಂಜೆವರೆಗೂ ನಿಮ್ಮ ಫ್ರೀಜರಲ್ಲಿ ಇಡ್ತೀರಾ?"

ನರ್ಸಮ್ಮ ಆಸ್ಪತ್ರೆಯಲ್ಲಿ ಎಷ್ಟೋ ಜನರ ಬಾಯಿ ಬಿಡಿಸಿದವರು. "ಯಾಕೆ ಮೇಷ್ಟ್ರೇ, ಚೆಂಡಿಗೇನು ಜ್ವರಾನಾ?" ಎಂದರು. ಸುಳ್ಳು ಹೇಳಲು ಬಾರದ ಮೇಷ್ಟ್ರು ಎಲ್ಲವನ್ನೂ ಕಕ್ಕಿಬಿಟ್ಟರು. ಕೊನೆಗೆ, "ಯಾರಿಗೂ ಹೇಳಬೇಡಿ," ಎಂದರು.

"ಛೆ ಛೆ, ನಾನ್ಯಾಕೆ ಹೇಳ್ಲಿ?"

ನರ್ಸಮ್ಮ ಮಾತು ಉಳಿಸಿಕೊಂಡರು, ಮೇಷ್ಟ್ರು ಕೆಳಗಿಳಿದು ಹೋಗುವವರೆಗೆ.

ಊಟದ ಹೊತ್ತಿಗೆ ಬೀದಿಯಲ್ಲಿ ಏನೋ ಸಂಚಾರ ಶುರುವಾಗಿತ್ತು. ಎದುರುಮನೆಯವರು ಮೂಲೆ ಅಂಗಡಿಯಿಂದ ಐಸ್ ಚೀಲ ಹೊತ್ತು ತಂದರು. ವಾಕಿಂಗ್ ಕೋಲು ಹಿಡಿದೇ ಓಡಾಡುತ್ತಿದ್ದವರು ಕೋಲನ್ನು ಮರೆತು ಬಂದಿದ್ದರು. ಹಿಂದಿನ ಸಾಲಿನ ಮನೆಯೊಂದರಲ್ಲಿ ಐಸ್‌ಕ್ರೀಮ್ ಡಬ್ಬಿಗಳು ಹೊರಬಿದ್ದು, ಸಕ್ಕರೆ ಕಾಯಿಲೆಯ ಯಜಮಾನರು ಕರಗಿ ಹೋಗುತ್ತಲ್ಲ ಎಂಬ ನೆಪದಲ್ಲಿ ಎಲ್ಲವನ್ನೂ ಕೂತು ತಿಂದರು. ಅವರ ಹೆಂಡತಿ ಕಿಟಕಿಯಿಂದಲೇ ಕೂಗಿ ಕೇಳಿದಳು: "ಮೇಷ್ಟ್ರೇ, ಚೆಂಡನ್ನ ನೀರಲ್ಲಿ ಹಾಕಿ ಇಡಬೇಕಾ, ಹಾಗೇ ಇಡಬೇಕಾ?"

ಎಲ್ಲರದೂ ತಣ್ಣಗಾದರೆ ತಮ್ಮದು ತಣ್ಣಗಿದ್ದು ಏನು ಪ್ರಯೋಜನ? ಮೇಷ್ಟ್ರು ಮತ್ತೆ ಮಹಡಿ ಹತ್ತಿದರು. ನರ್ಸಮ್ಮನ ಫ್ರೀಜರಿನಲ್ಲಿ ಈಗ ಅರ್ಧ ಬೀದಿಯ ಚೆಂಡುಗಳಿದ್ದವು.

"ನೀವು ಹೇಳಲ್ಲ ಅಂದ್ರಿ."

"ಹೇಳಲಿಲ್ಲ ಮೇಷ್ಟ್ರೇ. ಅವರಾಗೇ ಕೇಳಿದ್ರು. ಏನಾದ್ರೂ ವಿಶೇಷ ಇದೆಯಾ ಅಂತ."

ಮೇಷ್ಟ್ರ ಚೆಂಡು ತಳದಲ್ಲಿ ಮಂಜಿಗೆ ಕಚ್ಚಿಕೊಂಡಿತ್ತು. ನರ್ಸಮ್ಮ ಚಮಚದಿಂದ ಹಲ್ಲು ಕೀಳುವ ಹಾಗೆ ಮೀಟಿ ಮೀಟಿ ತೆಗೆದರು. "ಹೀಗೇ ತಗೊಂಡು ಹೋದ್ರೆ ದಾರೀಲಿ ಬೆಚ್ಚಗಾಗುತ್ತೆ. ಫ್ಲಾಸ್ಕಲ್ಲಿ ಐಸ್ ಹಾಕಿ ಕೊಡ್ತೀನಿ. ನಿಮ್ಮದು ಎಲ್ಲರಿಗಿಂತ ತಣ್ಣಗಿರುತ್ತೆ, ನನ್ನ ಮಾತು ನಂಬಿ." ಅದೇ ಮಾತನ್ನು ಅವರು ಇಡೀ ಬೀದಿಗೆ ಹೇಳಿದ್ದರು ಎನ್ನುವುದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಫ್ಲಾಸ್ಕನ್ನು ಮೇಜಿನ ಕೆಳಗೆ ಬಚ್ಚಿಟ್ಟು ಮೇಷ್ಟ್ರು ಸ್ನಾನಕ್ಕೆ ಹೋದರು. ಬಂದು ನೋಡಿದಾಗ ಫ್ಲಾಸ್ಕ್ ಇಟ್ಟಲ್ಲೇ ಇತ್ತು. ಬಿಸಿಲು ಇಳಿದಿತ್ತು, ಹೆಂಡತಿ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡೀರಿ, ನಾನೂ ಬರ್ತೀನಿ," ಎಂದಳು. ಫ್ಲಾಸ್ಕಿನ ಬಗ್ಗೆ ಏನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಮೇಷ್ಟ್ರಿಗೆ ಸಮಾಧಾನವಾಯಿತು.

ಕ್ಲಬ್ಬಿನ ಹಾಲ್ ಅಂದು ಲಸಿಕೆ ಹಾಕುವ ಕೇಂದ್ರದ ಹಾಗೆ ಕಾಣುತ್ತಿತ್ತು. ಎಲ್ಲರ ಕೈಯಲ್ಲೂ ಫ್ಲಾಸ್ಕು, ಡಬ್ಬಿ, ಒದ್ದೆ ಟವೆಲು. ಯಾರೂ ಯಾರ ಕೈಯನ್ನೂ ನೋಡುತ್ತಿರಲಿಲ್ಲ. ಒಬ್ಬೊಬ್ಬರೇ ಬಂದು ಬಕೆಟ್ಟಿನ ಮೇಲೆ ಬಗ್ಗಿ ಚೆಂಡು ಬಿಟ್ಟರು. ಬಕೆಟ್ಟಿನಿಂದ ಬಿಳಿ ಹಬೆ ಏಳತೊಡಗಿತು. ಮೇಷ್ಟ್ರು ತಮ್ಮ ಫ್ಲಾಸ್ಕನ್ನು ಬಗ್ಗಿಸಿದರು. ಚೆಂಡು ಉರುಳಿ ಬೆರಳಿಗೆ ತಾಗಿತು. ಆಗ ತಾನೇ ಇಟ್ಟ ಕೋಳಿಮೊಟ್ಟೆಯಷ್ಟು ಬೆಚ್ಚಗಿತ್ತು.

ಹಿಂತಿರುಗಿ ನೋಡಿದರು. ಹೆಂಡತಿ ಕಪ್ಪು ಕನ್ನಡಕ ಸರಿಮಾಡಿಕೊಂಡು ಪಿಸುಗುಟ್ಟಿದಳು: "ಐಸ್ ಚೆಲ್ಲಿ, ಚೆಂಡನ್ನ ಬಿಸಿನೀರಲ್ಲಿ ಅದ್ದಿ ಇಟ್ಟೆ. ನನ್ನ ಮನೇಲಿ ಫೌಲ್ ನಡೆಯಲ್ಲ."

"ನಿನ್ನ ಕೋಲು, ಟೀಚರ್..."

"ಹೋದ್ರೆ ಹೋಗ್ಲಿ."

ಅಧ್ಯಕ್ಷರು ಪಾರದರ್ಶಕತೆಯ ಬಗ್ಗೆ ಎಂದಿನ ಮಾತು ಮುಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ತೋಳು ಮಡಚಿ ಕೈ ಇಳಿಸಿದರು. ಮೊದಲ ಚೆಂಡು ತಣ್ಣಗೆ ತಾಗಿದಾಗ ಮುಗುಳ್ನಕ್ಕರು. ಪಕ್ಕದ್ದೂ ತಣ್ಣಗಿತ್ತು. ಅದರ ಪಕ್ಕದ್ದೂ. ಮುಗುಳ್ನಗೆ ಮುಖದ ಮೇಲೆ ದಾರಿ ತಪ್ಪಿ ನಿಂತಿತು. ಮೊಣಕೈವರೆಗೆ ಇಳಿಸಿ ಕಲಕಿದರು. ಹಾಲ್‌ನಲ್ಲಿ ಎಲ್ಲರಿಗೂ ಏನಾಗುತ್ತಿದೆಯೆಂದು ಗೊತ್ತಿತ್ತು. ಎಲ್ಲರೂ ಫ್ಯಾನು ನೋಡುತ್ತಿದ್ದರು. ಅಧ್ಯಕ್ಷರ ಬೆರಳು ಮರಗಟ್ಟಿತು, ತುಟಿ ನೀಲಿಯಾಯಿತು. ಕೊನೆಗೆ ಆ ಕೈ ಯಜಮಾನನ ಮಾತು ಕೇಳುವುದನ್ನು ಬಿಟ್ಟು, ಚಳಿಗೆ ಸಿಕ್ಕ ಬೆಕ್ಕು ಒಲೆಯ ಬುಡಕ್ಕೆ ನುಗ್ಗುವ ಹಾಗೆ ತಾನಾಗಿ ಒಂದು ಬೆಚ್ಚನೆಯ ಚೆಂಡನ್ನು ಅಪ್ಪಿಕೊಂಡಿತು.

ಮ್ಯಾನೇಜರು ಅದರ ನಂಬರು ಓದಿದರು. ಮೇಷ್ಟ್ರ ಮನೆ. ಮುಂಜಾವಿನ ಮೊದಲ ಸರದಿ.

ಹೆಂಡತಿ ಮೇಷ್ಟ್ರ ಮುಂಗೈ ಹಿಡಿದಳು. ಆ ಹಿಡಿತಕ್ಕೆ ಮೂಳೆ ನೊಂದಿತು. ಇಬ್ಬನಿ ಇನ್ನೂ ಆರದ ಹುಲ್ಲಿನ ಮೇಲೆ ಆಕೆ ನಿಂತದ್ದು ಮೇಷ್ಟ್ರ ಕಣ್ಣಿಗೆ ಕಟ್ಟಿತು.

ಅಧ್ಯಕ್ಷರು ಕಣ್ಣಿನ ಬಟ್ಟೆ ಸರಿಸಿ ಬಕೆಟ್ಟಿನ ಹಬೆ ನೋಡಿದರು, ಜನರ ಒದ್ದೆ ಟವೆಲು ನೋಡಿದರು. ಮೋಸ ಎನ್ನಲು ಅವರಿಗೆ ಬಾಯಿಲ್ಲ. ತಮಗೆ ಹೇಗೆ ತಿಳಿಯಿತೆಂದು ಹೇಳಬೇಕಾಗುತ್ತದೆ. ಜನರಿಗೂ ಬಾಯಿಲ್ಲ. ಆದರೆ ಕಮಿಷನರಾಗಿದ್ದವರು, ಇದಕ್ಕಿಂತ ಆಳದ ಹೊಂಡಗಳನ್ನು ಹತ್ತಿ ಬಂದವರು.

"ಬಂಧುಗಳೇ, ಹವಾಮಾನದ ಕಾರಣದಿಂದ ಇವತ್ತು ಕೆಲವು ಚೆಂಡುಗಳು ತಣ್ಣಗಾಗಿವೆ. ಒಂದೇ ಒಂದು ಚೆಂಡು ಪ್ರಾಮಾಣಿಕವಾಗಿ ಬೆಚ್ಚಗಿದೆ. ಅಂಥ ಮನುಷ್ಯ ನಮ್ಮ ನಡುವೆ ಇರುವಾಗ ಈ ಬಕೆಟ್ಟಿಗೆ ನಾನು ಕೈ ಹಾಕೋದು ಸರಿಯಲ್ಲ. ಇವತ್ತಿನಿಂದ ಸರದಿ ಹಂಚುವ ಅಧಿಕಾರ ಮೇಷ್ಟ್ರಿಗೆ. ಬಡಿಸೋರು ಮೊದಲು ಉಂಡರೆ ಚೆನ್ನಾಗಿರಲ್ಲ, ಹಾಗಾಗಿ ಹಂಚುವವರಿಗೆ ನಡುಮಧ್ಯಾಹ್ನದ ಸರದಿ. ಇದು ನಿಯಮ."

ಮೇಷ್ಟ್ರ ಹೆಂಡತಿ ಕೇಳಿದಳು: "ಇಷ್ಟು ದಿನ ನೀವೇ ಹಂಚಿ, ನೀವೇ ಬೆಳಿಗ್ಗೆ ಆಡ್ತಿದ್ರಲ್ಲ ಸಾರ್?"

"ಆಗ ಈ ನಿಯಮ ಇರ್ಲಿಲ್ಲಮ್ಮ. ಈಗಷ್ಟೇ ಬಂತು."

ಚಪ್ಪಾಳೆ ಬಿತ್ತು. ಮೇಷ್ಟ್ರು ಎದ್ದು ನಿಂತರು. "ನಾನು ಪ್ರಾಮಾಣಿಕ ಅಲ್ಲ. ನಾನೂ ನರ್ಸಮ್ಮನ ಫ್ರೀಜರಲ್ಲಿ ಇಟ್ಟಿದ್ದೆ," ಎಂದರು.

"ನೋಡಿ, ಎಂಥ ವಿನಯ," ಎಂದರು ಅಧ್ಯಕ್ಷರು. ಚಪ್ಪಾಳೆ ಜೋರಾಯಿತು. ಮ್ಯಾನೇಜರ ಹೆಂಡತಿ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದಳು: "ನಮ್ಮದನ್ನ ಮೊದ್ಲು ಎತ್ತಿ ಮೇಷ್ಟ್ರೇ. ಬಟಾಣಿ ವಾಸನೆ ಬರುತ್ತೆ, ಗೊತ್ತಾಗುತ್ತೆ."

ಮ್ಯಾನೇಜರು ಬಕೆಟ್ಟನ್ನು ಎತ್ತಿ ತಂದು ಮೇಷ್ಟ್ರ ಮುಂದೆ ಇಟ್ಟರು. ಅಧ್ಯಕ್ಷರು ಮರಗಟ್ಟಿದ ಬೆರಳುಗಳನ್ನು ಕಂಕುಳಲ್ಲಿ ಬೆಚ್ಚಗೆ ಅಡಗಿಸಿಕೊಂಡು, "ಕೈ ಹಾಕಿ," ಎಂದರು.

ಮೇಷ್ಟ್ರು ಬಕೆಟ್ಟು ನೋಡಿದರು. ಬಿಳಿಯ ಹಬೆಯ ಕೆಳಗೆ ಇಡೀ ಬಡಾವಣೆ ಮೈಗೆ ಮೈ ಒತ್ತಿಕೊಂಡು ತಣ್ಣಗೆ ಮಲಗಿತ್ತು.

"ನೀವು ಹಾಕದಿದ್ರೆ ಲಾಟರಿ ರದ್ದು. ಹೋದ ವಾರದ ಸರದೀನೇ ಮುಂದುವರಿಯುತ್ತೆ. ನಿಮಗೆ ಆಗಲೂ ನಡುಮಧ್ಯಾಹ್ನವೇ. ಯೋಚನೆ ಮಾಡಿ," ಎಂದರು ಅಧ್ಯಕ್ಷರು.

"ಹಾಕಿ ಮೇಷ್ಟ್ರೇ, ಬೇಗ," ಹಿಂದಿನಿಂದ ನರ್ಸಮ್ಮನ ದನಿ ಬಂತು. "ನಮ್ಮ ಚೆಂಡು ಬೆಚ್ಚಗಾಗ್ತಾ ಇದೆ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಕಪ್ಪು ಕನ್ನಡಕ ತೆಗೆದು ಅವರನ್ನೇ ನೋಡುತ್ತಿದ್ದಳು. ಮೇಷ್ಟ್ರು ನಿಧಾನವಾಗಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

"ಹಾಕಲ್ಲ," ಎಂದರು.