ಹ್ಯಾಂಡಲ್ಲು ಹೊಳಿ ಕಡೆ, ಗಾಲಿ ಬಣಿವಿ ಕಡೆ

ಸೈಕಲ್ಲು ಹಳೇದಿತ್ತು, ಆದ್ರ ಕೆಟ್ಟಿರಲಿಲ್ಲ. ಕೆಡಿಸಿದಾಕಿ ನಾನು. ಊರಾಗ ಬ್ಯಾರೆ ಬ್ಯಾರೆ ಸುದ್ದಿ ಅದಾವು. ಅವ್ಯಾವೂ ಖರೆ ಅಲ್ಲ.

ನಮ್ಮ ಮನ್ಯಾವ್ರಿಗೆ ಲಗ್ನದಾಗ ನಮ್ಮಪ್ಪ ಕೊಟ್ಟ ಸೈಕಲ್ಲು ಅದು. ಕಮತಗ್ಯಾಗ ಮಗ್ಗದ ಕೆಲಸ ಮುಗಿಸಿ ಸಂಜಿ ಮುಂದ ನನ್ನ ಕ್ಯಾರಿಯರ್ ಮ್ಯಾಲ ಕುಂಡ್ರಿಸಿಕೊಂಡು ಹೊಳಿ ದಂಡಿಗೆ ಹೋಗ್ತಿದ್ರು. ಅಲ್ಲಿ ಹೋಗಿ ಏನೂ ಮಾಡ್ತಿದ್ದಿಲ್ಲ. ಚುರುಮುರಿ ತಿಂತಿದ್ವಿ, ನೀರು ನೋಡ್ತಿದ್ವಿ, ಜಗಳಾಡಿ ತಿರುಗಿ ಬರ್ತಿದ್ವಿ. ಈಗ ಅವರ ಸೊಂಟ ಬಗ್ಗಂಗಿಲ್ಲ. ಹ್ಯಾಂಡಲ್ಲು ಭಾಳ ತೆಳಗ, ಬ್ರೇಕ್ ಹಿಡಿದ್ರ ಅದರ ಕುತ್ತಿಗಿ ಕಟಕಟ ಅಂತಿತ್ತು. ಸೈಕಲ್ಲು ಗ್ವಾಡಿಗೆ ಒರಗಿ ನಿಂತಬಿಡ್ತು.

"ಬಾ ಅವ್ವಾ, ಬೈಕಿನ್ಯಾಗ ಕರಕೊಂಡು ಹೋಗ್ತೇನಿ" ಅಂದ ಮಗ. ಒಮ್ಮೆ ಹೋದೆ. ದಾರಿ ತುಂಬ ಅವನ ಹೆಲ್ಮೆಟ್ಟಷ್ಟ ಕಂಡಿತು! ನನಗ ನೋಡಬೇಕಾಗಿದ್ದ ಬೆನ್ನು ಅದಲ್ಲ.

ಮಗ್ಗುಲ ಮನಿ ಮೈಮೂನಾ ಮೊಬೈಲಿನ್ಯಾಗ ಒಂದು ವಿಡಿಯೋ ತೋರಿಸಿದ್ಲು. ಹಳೆ ಸೈಕಲ್ಲಿಗೆ ಹೊಸ ಕಾಲದ ಸ್ಟೆಮ್ಮು, ಹೆಡ್‌ಸೆಟ್ಟು ಹಾಕೂದು. ಸ್ಟೆಮ್ಮಂದ್ರ ಹ್ಯಾಂಡಲ್ಲು ಹೊತಗೊಂಡು ನಿಂತ ಕಂಬ. ಹೆಡ್‌ಸೆಟ್ಟಂದ್ರ ಅದು ತಿರುಗಲಿಕ್ಕೆ ಬೇಕಾದ ಬಟ್ಟಲು, ಗುಂಡು. ಕಂಬ ಎತ್ತರ ಆದ್ರ ಬಗ್ಗೂದು ತಪ್ಪತೈತಿ.

"ಇದೇನು ದೊಡ್ಡ ವಿದ್ಯಾ ಅಲ್ಲ ಬಿಡ" ಅಂದೆ. "ಇಳಕಲ್ಲ ಸೀರಿಗೆ ಮೈ ಬ್ಯಾರೆ, ಸೆರಗು ಬ್ಯಾರೆ. ಹತ್ತಿ ಎಳಿಗೆ ರೇಷ್ಮಿ ಎಳಿ ಸಿಗಿಸಿ ಕೊಂಡಿ ಹಾಕ್ತೇನಿ, ಸೀರಿ ಹರದ್ರೂ ಅದು ಬಿಡಂಗಿಲ್ಲ. ಹಳೆ ಸೈಕಲ್ಲಿಗೆ ಹೊಸ ಕುತ್ತಿಗಿ ಕೂಡಂಗಿಲ್ಲೇನು?"

"ಯಕ್ಕಾ, ಸೀರಿ ಮ್ಯಾಲ ಕುಂತು ಯಾರೂ ಹೊಳಿಗೆ ಹೋಗಂಗಿಲ್ಲ."

ಶಾಣ್ಯಾತನದ ಮಾತು. ಅದಕ್ಕ ಕಿವಿ ಕೊಡಲಿಲ್ಲ.

ಮನ್ಯಾವ್ರು ಕಟಿಂಗ್ ಮಾಡಿಸಲಿಕ್ಕೆ ಹೋದ ಹೊತ್ತು ನೋಡಿ ಸದರಿ ಕಾರ್ಯಕ್ರಮ ಶುರು ಮಾಡಿದ್ವಿ. ಮೈಮೂನಾ ಮುಂದಿನ ಗಾಲಿ ಒತ್ತಿ ಹಿಡದ್ಲು. ನಾ ಬೋಲ್ಟು ಸಡ್ಲ ಮಾಡಿ ಸುತ್ತಿಗಿಲೆ ಒಂದು ಕೊಟ್ಟೆ. ಏನೂ ಆಗಲಿಲ್ಲ. ಸಿಟ್ಟು ಬಂದು ಇನ್ನೊಂದು ಕೊಟ್ಟೆ. ಹ್ಯಾಂಡಲ್ಲು ನನ್ನ ಕೈಯಾಗ, ಮೈಮೂನಾ ನೆಲದ ಮ್ಯಾಲ! ಕುತ್ತಿಗಿ ನಟ್ಟು ಬಿಚ್ಚಿದ್ನೋ ಇಲ್ಲೋ, ಒಳಗಿನ ಗುಂಡೆಲ್ಲ ಟಣಟಣ ಜಿಗಿದು ಮಗ್ಗದ ಕುಣಿಯೊಳಗ ಬಿದ್ದುವು.

ಮನ್ಯಾವ್ರು ನೇಯೂದು ಬಿಟ್ಟರೂ ಆ ಕುಣ್ಯಾಗ ಕಾಲು ಇಳಿಬಿಟ್ಟು ಕುಂಡ್ರೂದು ಬಿಟ್ಟಿಲ್ಲ. ಕಟಿಂಗ್ ಮುಗಿಸಿ ಬಂದವರೇ ಕಾಲು ಇಳಿಬಿಟ್ರು.

"ಏ, ಕುಣ್ಯಾಗ ಯಾರ ಕಡ್ಲಿ ಚೆಲ್ಯಾರ?"

"ನಾನ ಬಿತ್ತೀನಿ. ಬೆಳಿ ಬರ್ತೈತಿ, ಸುಮ್ಮ ಕುಂಡ್ರಿ."

ಮರುದಿನ ಹ್ಯಾಂಡಲ್ಲು ತೊಡಿ ಮ್ಯಾಲ ಇಟಗೊಂಡು ಬಾಗಲಕೋಟಿ ಬಸ್ಸಿನ್ಯಾಗ ಕುಂತೆ. ಕಂಡಕ್ಟರ್ ನೋಡಿ, "ಅಜ್ಜಿ, ಇವತ್ತು ಗಾಡಿ ನೀವ ಹೊಡೀತೀರೇನು?" ಅಂದ. ಬಸ್ಸಿಗೆ ಬಸ್ಸ ನಕ್ಕಿತು.

ಸೈಕಲ್ ಅಂಗಡ್ಯಾಗ, "ತಮ್ಮಾ, ಹಳೇದಕ್ಕೂ ಹೊಸದಕ್ಕೂ ಕೂಡಸೂ ಕೊಂಡಿ ಕೊಡು" ಅಂದೆ. ಅವ ಸಾಮಾನು ಬಿಗಿಯೂ ರಬ್ಬರಿನ ಕೊಂಡಿ ತಂದಿಟ್ಟ.

"ಇದಲ್ಲೋ. ಮೈಗೆ ಸೆರಗು ಕೂಡಸೂ ಅಂಥಾದ್ದು."

"ಅವ್ವಾ, ಸೀರಿ ಅಂಗಡಿ ಆಚಿ ಲೈನಿನ್ಯಾಗ ಅದಾವ್ರಿ."

ಗಲ್ಲಾದ ಮ್ಯಾಲ ಹ್ಯಾಂಡಲ್ಲು ಧಡ್ ಅಂತ ಇಟ್ಟೆ. ಆಗ ಅವಗ ತಿಳೀತು. "ಓಹೋ, ಅಡಾಪ್ಟರ್ ಅನ್ರಲ್ಲ!" ನಮ್ಮೂರಾಗ ಅದಕ್ಕ ಕೊಂಡಿ ಅಂತಾರ, ನಾ ಏನು ಮಾಡ್ಲಿ? ಕಂಬ, ಬಟ್ಟಲು, ಬೇರಿಂಗು ಎಲ್ಲಾ ಕೊಟ್ಟು ಅದೇನೋ ಹೇಳಲಿಕ್ಹತ್ತಿದ. ಬಸ್ಸು ಹೊಂಟಿತ್ತು. ಅವ ಹೇಳಿದ್ದರಾಗ ಅರ್ಧಾ ಅಂಗಡ್ಯಾಗ ಉಳೀತು.

ಮನಿಗೆ ಬಂದು ಕೂಡಿಸಿದೆ. ಎಷ್ಟು ಎತ್ತರ ಬರ್ತೈತೋ ಅಷ್ಟು ಎತ್ತರ ಎಳದೆ. ಬ್ರೇಕಿನ ವಾಯರು ಅಲ್ಲೀ ತನಕ ಮುಟ್ಟಲಿಲ್ಲ, ಬಿಟ್ಟೆ.

"ಬ್ರೇಕ್ ಎಲ್ಲೆ?" ಅಂದ್ರು ಮನ್ಯಾವ್ರು.

"ನೀವು ಯಾವಾಗ ಜೋರ ಹೋಗೀರಿ?"

ಗೋಮಿ ದಡಿ ಇಳಕಲ್ಲ ಸೀರಿ ಉಟಗೊಂಡು ಕ್ಯಾರಿಯರ್ ಏರಿದೆ. ಅವರು ನೆಟ್ಟಗ ಕುಂತ್ರು, ಒಂಚೂರೂ ಬಗ್ಗಲಿಲ್ಲ. "ಏ, ಹರೇ ಬಂದಂಗಾತಲ್ಲ!" ಅಂದ್ರು. ಸೈಕಲ್ಲು ಹೊಂಟಿತು. ನನ್ನ ಮುಂದ ಅದೇ ಬೆನ್ನು. ಅಂಗಿಯೊಳಗ ಭಾಳ ಸಣ್ಣ ಆಗಿತ್ತು. ಅಂಗಿ ಗಟ್ಟಿ ಹಿಡಕೊಂಡೆ.

ಓಣಿ ಮುಗದು ಹೊಳಿ ದಾರಿ ತಿರುವು ಬಂತು. ಅವರು ಹ್ಯಾಂಡಲ್ಲು ಹೊಳಿ ಕಡೆ ತಿರುವಿದ್ರು. ಹ್ಯಾಂಡಲ್ಲು ತಿರುಗಿತು. ಗಾಲಿ ತಿರುಗಲಿಲ್ಲ! ಗಾಲಿಗೆ ಹೊಳಿ ಬೇಕಾಗಿರಲಿಲ್ಲ. ಅದು ನೆಟ್ಟಗ ಹೋಗಿ ಗೌಡ್ರ ಜ್ವಾಳದ ಕಣಿಕಿ ಬಣಿವಿಯೊಳಗ ನುಗ್ಗಿತು. ನಾ ಅರ್ಧಾ ಒಳಗ, ಅರ್ಧಾ ಹೊರಗ. ಗೌಡ್ರ ಎಮ್ಮಿ ನನ್ನ ನೋಡಿ ಮೇಯೂದು ಬಿಟ್ಟಿತು.

ಬಣಿವಿಯೊಳಗಿಂದ ಮನ್ಯಾವ್ರ ದನಿ ಬಂತು. "ಕೊಂಡಿ ಹಾಕಿದಿ. ಜಗ್ಗಿ ನೋಡಿದ್ಯೇನು?"

ನೋಡಿರಲಿಲ್ಲ. ಮಗ್ಗದ ಮನ್ಯಾಗ ತೊಟ್ಲಾಗಿನ ಕೂಸಿಗೂ ಗೊತ್ತು, ಕೊಂಡಿ ಹಾಕಿದ ಮ್ಯಾಲ ಒಮ್ಮೆ ಜಗ್ಗಿ ನೋಡಬೇಕು. ಜೀವಮಾನ ಸೀರಿ ನೇದಾಕಿ ನಾನು!

ಪೆಟ್ಟೇನೂ ಆಗಿರಲಿಲ್ಲ. ಕಣಿಕಿ ಝಾಡಿಸಿಕೊಂಡು, "ಇನ್ನ ಹೊಳಿ ಮರತುಬಿಡು" ಅಂದ್ರು. ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ರ ಛಲೋ ಇತ್ತು.

ಮರುದಿನ ಮುಂಜಾನೆ ಎದ್ದು ಬೋಲ್ಟು ಬಿಗದೆ. ಜಗ್ಗಿ ನೋಡಿದೆ. ಸೈಕಲ್ಲು ಹೊರಗ ತಂದು ಅವರ ಕೈಗೆ ಕೊಟ್ಟು, "ಹತ್ತಬ್ಯಾಡ್ರಿ, ಹೊಳಿ ತನಕ ದೂಡಕೋತ ನಡೀರಿ" ಅಂದೆ. ಎತ್ತರದ ಹ್ಯಾಂಡಲ್ಲು ಊರಿ ನಡಿಯೂ ಬಡಿಗಿಯಂಗ ಆತು ಅವರಿಗೆ. ನಾ ಹಿಂದ ನಡದೆ.

ಎದುರಿಗೆ ಬಂದ ಮೈಮೂನಾ, "ಏನ್ ಯಕ್ಕಾ, ಪಂಚರೇನು?" ಅಂದ್ಲು.

"ಹೂಂ. ಗಾಲಿ ಅಲ್ಲ, ನಾವಿಬ್ಬರು."

ಕಡೀ ಮನಿ ದಾಟಿತು. ಹಿಂದ ಮುಂದ ನೋಡಿದೆ, ಯಾರೂ ಇದ್ದಿಲ್ಲ. ಸೀರಿ ಎತ್ತಿಕೊಂಡು ಕ್ಯಾರಿಯರ್ ಮ್ಯಾಲ ಕುಂತಬಿಟ್ಟೆ. ಸೈಕಲ್ಲು ಅಲ್ಲೇ ನಿಂತಿತು, ಒಂದು ಗೇಣೂ ಮುಂದ ಹೋಗಲಿಲ್ಲ.

"ಇಳಿ ಮಾರಾಯ್ತಿ, ಬದಾಮಿ ಗುಡ್ಡ ಬಂದು ಕುಂತಂಗಾತು!" ಅಂದ್ರು.

ನಾ ಇಳಿಲಿಲ್ಲ.