ಬಾಗಿಲಲ್ಲಿ ಅನುಮತಿಯಿಲ್ಲದೆ ‘ಬಾ ತಾಯಿ’ ಎಂದ ಬಗ್ಗೆ

ಚರ್ಚಿನ ಸ್ವಾಗತ ಮತ್ತು ಆತ್ಮೀಯತೆ ನಿಯಂತ್ರಣ ಉಪಸಮಿತಿ
(ಕಚೇರಿ: ಪಕ್ಕದ ಕೋಣೆ. ಒಳಗಿನಿಂದ ಚಿಲಕ ಹಾಕಿರುತ್ತದೆ, ತಟ್ಟಬಾರದು.)

ಸಂಖ್ಯೆ: ಸ್ವಾಆನಿಉ/ಬೆಂಚು/31/ಮೂರನೇ ತಿದ್ದುಪಡಿ
ದಿನಾಂಕ: ಕಳೆದ ಭಾನುವಾರದ ಮಾರನೇ ದಿನ

ಸುತ್ತೋಲೆ

ವಿಷಯ: ಚರ್ಚಿಗೆ ಬರುವ ಹೊಸಬರನ್ನು ತುಂಬು ಹೃದಯದಿಂದ, ನಿಯಮಾನುಸಾರ, ಹಳಬರಿಗೆ ತೊಂದರೆಯಾಗದಂತೆ ಸ್ವಾಗತಿಸುವ ಕುರಿತು.

ಉಲ್ಲೇಖ:
1) ‘ಅಪರಿಚಿತರನ್ನು ಸೇರಿಸಿಕೊಳ್ಳುವುದು’ ಎಂಬ ವಿಷಯವಾಗಿ ಸಭಾಪಾಲಕರು ಆರಾಧನೆಯಲ್ಲಿ ನೀಡಿದ ಧರ್ಮೋಪದೇಶದ ಪ್ರಸಂಗ (ಅವಧಿ ನಲವತ್ತೆರಡು ನಿಮಿಷ).
2) ಸದರಿ ಪ್ರಸಂಗ ಮುಗಿದ ಎರಡೇ ನಿಮಿಷಕ್ಕೆ, ತಮ್ಮ ಬೆಂಚಿನಲ್ಲಿ ಅಪರಿಚಿತರು ಕೂತಿದ್ದರೆಂದು ಮೂರನೇ ಬೆಂಚಿನ ಕುಟುಂಬದವರು ಸಲ್ಲಿಸಿದ ದೂರು.
3) ಗಂಟೆ ಬಾರಿಸುವ ನೌಕರರ (ಇನ್ನು ಮುಂದೆ ‘ಗಂಟೆಯಜ್ಜ’) ಹೇಳಿಕೆ.

ಪ್ರಸ್ತಾವನೆ:

ಕಳೆದ ಭಾನುವಾರಕ್ಕೂ ಹಿಂದಿನ ಭಾನುವಾರ ಹಸಿರು ಕೊಡೆ ಹಿಡಿದ ಮಹಿಳೆಯೊಬ್ಬರು ಒಬ್ಬರೇ ಆರಾಧನೆಗೆ ಬಂದಿದ್ದು, ಹೆಸರನ್ನು ಒಳಗಿದ್ದವರು ಯಾರೂ ಕೇಳದ ಕಾರಣ ಕಡತದಲ್ಲಿ ಅವರನ್ನು ‘ಹಸಿರು ಕೊಡೆ’ ಎಂದೇ ನಮೂದಿಸಲಾಗಿದೆ. ಸದರಿಯವರು ಮೊದಲು ಮೂರನೇ ಬೆಂಚಿನಲ್ಲಿ ಕೂತಿದ್ದು, ಅಲ್ಲಿಂದ ಅವರನ್ನು ನಗುನಗುತ್ತಾ ಎಬ್ಬಿಸಲಾಯಿತು. ಐದನೇ ಬೆಂಚಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರ ಕನ್ನಡಕದ ಡಬ್ಬಿ ಮುಂಚಿತವಾಗಿ ಕೂತಿತ್ತು. ಏಳನೆಯದು ಗಾಯನ ಮಂಡಳಿಯ ನಾಯಕಿಯ ನಾದಿನಿಯವರಿಗೆ ಮೀಸಲಾಗಿದ್ದು, ಅವರು ಅಂದು ಊರಲ್ಲಿರಲಿಲ್ಲವೆಂಬುದು ಬೇರೆ ವಿಚಾರ. ಒಂಬತ್ತನೆಯದು ದಾನಿಯೊಬ್ಬರ ತಾತನ ಸ್ಮರಣಾರ್ಥ ಕೊಟ್ಟದ್ದು. ತಾತನವರು ತೀರಿಕೊಂಡು ಹತ್ತೊಂಬತ್ತು ವರ್ಷವಾದರೂ ಜಾಗ ಬಿಟ್ಟುಕೊಟ್ಟಿರುವುದಿಲ್ಲ.

ಹೀಗೆ ನಾಲ್ಕು ಬಾರಿ ಎದ್ದ ಸದರಿಯವರು ಕೊನೆಗೆ ಹೊರಗಡೆ, ಗಂಟೆಯ ಹಗ್ಗದ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಲ್ಲಿಗೆ ಧ್ವನಿವರ್ಧಕದ ಮೂಲಕ ‘ಅಪರಿಚಿತರನ್ನು ಸೇರಿಸಿಕೊಳ್ಳುವುದು’ ಪ್ರಸಂಗವು ಒಳಗಡೆಗಿಂತ ಸ್ಪಷ್ಟವಾಗಿ ಕೇಳಿಸಿದೆ ಎಂಬುದನ್ನು ಉಪಸಮಿತಿಯು ತೃಪ್ತಿಯಿಂದ ದಾಖಲಿಸುತ್ತದೆ.

ಸ್ಟೂಲು ಗಂಟೆಯಜ್ಜನದು. ಅವರು ಎದ್ದು ನಿಂತು ಅದನ್ನು ಬಿಟ್ಟುಕೊಟ್ಟಿದ್ದಲ್ಲದೆ, ಯಾವುದೇ ತರಬೇತಿ, ಬ್ಯಾಡ್ಜು ಅಥವಾ ಠರಾವು ಇಲ್ಲದೆ ಸದರಿಯವರನ್ನು ಸ್ವಾಗತಿಸಿರುತ್ತಾರೆ. ಮುಕ್ತಾಯದ ಗಂಟೆ ನಾಲ್ಕು ನಿಮಿಷ ತಡವಾಗಿದೆ. ಇಂಥ ಅನಾಹುತ ಮರುಕಳಿಸದಿರಲೆಂದು ಈ ಕೆಳಗಿನಂತೆ ಸೂಚಿಸಲಾಗಿದೆ.

ಸೂಚನೆಗಳು:

1. ಗೇಟಿನ ಬಳಿಯ ‘ಎಲ್ಲರಿಗೂ ಸ್ವಾಗತ’ ಫಲಕವನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳತಕ್ಕದ್ದಲ್ಲ. ‘ಎಲ್ಲರೂ’ ಎಂದರೆ ಯಾರೆಂಬ ಪಟ್ಟಿ ಕಚೇರಿಯಲ್ಲಿ ಲಭ್ಯವಿದೆ. ಸದರಿ ಫಲಕವನ್ನು ಗಾಲಿಕುರ್ಚಿಗಾಗಿ ಕಟ್ಟಿದ ಇಳಿಜಾರಿನ ನಟ್ಟನಡುವೆ ನಿಲ್ಲಿಸಿರುವ ಬಗ್ಗೆ ಆಕ್ಷೇಪಣೆ ಬಂದಿದ್ದು, ಬೇರೆಲ್ಲಿ ನಿಲ್ಲಿಸಿದರೂ ಅದು ಅಷ್ಟು ಚೆನ್ನಾಗಿ ಕಾಣುವುದಿಲ್ಲವೆಂದು ತೀರ್ಮಾನಿಸಲಾಗಿದೆ. ಗಾಲಿಕುರ್ಚಿಯವರು ಫಲಕವನ್ನು ಓದಿಕೊಂಡು ಸಂತೋಷಪಡಬಹುದು.

2. ನಗುವಿನ ಬಗ್ಗೆ ಈಗಾಗಲೇ ಜಾರಿಯಲ್ಲಿರುವ ನಿಯಮವನ್ನು ಮತ್ತೊಮ್ಮೆ ನೆನಪಿಸಲಾಗಿದೆ. ಹೊಸಬರ ಮೊದಲ ಭಾನುವಾರ ತುಟಿ ಮಾತ್ರ. ಎರಡನೇ ಭಾನುವಾರ ಮೇಲಿನ ಸಾಲಿನ ಹಲ್ಲು. ಕೆಳಗಿನ ಸಾಲು ಸದಸ್ಯತ್ವ ಖಾತ್ರಿಯಾದ ನಂತರ. ಕಟ್ಟಿಸಿದ ಹಲ್ಲಿನವರು ಯಾವುದನ್ನು ತೋರಿಸಬೇಕೆಂಬುದು ಪರಿಶೀಲನೆಯಲ್ಲಿದೆ.

3. ಹೊಸಬರನ್ನು ‘ಯಾವ ಕಡೆಯವರು’, ‘ಯಾರ ಪೈಕಿ’, ‘ಒಬ್ಬರೇ ಯಾಕೆ ಬಂದಿರಿ’ ಎಂಬ ಮೂರು ಪ್ರಶ್ನೆ ಮಾತ್ರ ಕೇಳತಕ್ಕದ್ದು. ‘ಹೇಗಿದ್ದೀರಿ’ ಎಂದು ಕೇಳುವುದನ್ನು ನಿಷೇಧಿಸಲಾಗಿದೆ. ಹಿಂದೊಮ್ಮೆ ಹಾಗೆ ಕೇಳಿದಾಗ ಎದುರಿನವರು ನಿಜ ಹೇಳಿಬಿಟ್ಟು, ಸ್ವಾಗತಕಾರರ ಅರ್ಧ ಗಂಟೆ ಹಾಳಾದ ಉದಾಹರಣೆ ಇದೆ.

4. ಬೆಂಚಿನ ಮೇಲೆ ಕರವಸ್ತ್ರ, ಕೀರ್ತನೆ ಪುಸ್ತಕ, ಬೀಗದ ಕೈ ಇವುಗಳ ಪೈಕಿ ಯಾವುದಿದ್ದರೂ ಅದನ್ನು ಸಭಾಸದರೆಂದೇ ಭಾವಿಸಿ ಗೌರವ ಕೊಡತಕ್ಕದ್ದು. ಕರವಸ್ತ್ರವನ್ನು ಪಕ್ಕಕ್ಕೆ ಸರಿಸಿ ಕೂತ ಮನುಷ್ಯರ ಮೇಲೆ ಕರವಸ್ತ್ರದ ಪರವಾಗಿ ಕ್ರಮ ಜರುಗಿಸಲಾಗುವುದು.

5. ಹೊಸಬರಿಗೆಂದೇ ಕಂಬದ ಹಿಂದೆ ಒಂದು ಬೆಂಚನ್ನು ಗುರುತಿಸಲಾಗಿದೆ. ಅಲ್ಲಿ ಕೂತವರಿಗೆ ಸಭಾಪಾಲಕರು ಕಾಣುವುದಿಲ್ಲ, ಸಭಾಪಾಲಕರಿಗೂ ಅವರು ಕಾಣುವುದಿಲ್ಲ. ಹೀಗಾಗಿ ಇಬ್ಬರ ನಡುವೆ ಸಮಾನತೆ ಇರುತ್ತದೆ.

6. ನಮ್ಮ ಧರ್ಮದ ಸಂಸ್ಥಾಪಕರು ಬೆಸ್ತರು, ಸುಂಕದವರು, ರೋಗಿಗಳು ಮುಂತಾದವರೊಂದಿಗೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರೆಂದು ಕೆಲವರು ಕಡತದಲ್ಲಿ ಟಿಪ್ಪಣಿ ಬರೆಯುತ್ತಿದ್ದಾರೆ. ಅದು ಉಪಸಮಿತಿ ರಚನೆಯಾಗುವ ಮುಂಚಿನ ಮಾತು. ಅದನ್ನು ಪೂರ್ವನಿದರ್ಶನವಾಗಿ ತೋರಿಸಿ ವಿನಾಯಿತಿ ಕೇಳುವಂತಿಲ್ಲ.

7. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಅಂಗಳದಲ್ಲಿ ಯಾರೋ ಆಡಿದ್ದು ಉಪಸಮಿತಿಯ ಕಿವಿಗೆ ಬಿದ್ದಿದೆ. ಈ ಗಾದೆ ನಮಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ದೇವರೂ ಕೊಟ್ಟು, ಸಭಾಪಾಲಕರೂ ಕೊಟ್ಟ ಮೇಲೆ ಉಪಸಮಿತಿ ಯೋಚಿಸುತ್ತದೆ.

8. ಗಂಟೆಯಜ್ಜನ ಹೇಳಿಕೆಯನ್ನು ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ: “ಆ ಯಮ್ಮ ಅಳ್ತಾ ಹೊರಗೆ ಬಂದ್ರು ಸಾರ್. ಬಾ ತಾಯಿ, ಇಲ್ಲಿ ಕೂತ್ಕೋ ಅಂದೆ. ಫ್ಲಾಸ್ಕಲ್ಲಿದ್ದ ಚಹಾ ಅರ್ಧ ಕೊಟ್ಟೆ. ಅವರಮ್ಮ ಹೋಗಿ ಹದಿನೈದು ದಿನ ಆಗಿತ್ತಂತೆ. ಅಮ್ಮನ ಜೊತೆ ಹೋಗ್ತಿದ್ದ ಚರ್ಚಿಗೆ ಒಬ್ಬಳೇ ಕಾಲಿಡಕ್ಕಾಗಲ್ಲ ಅಜ್ಜ, ಅದಕ್ಕೇ ಇಲ್ಲಿಗೆ ಬಂದೆ ಅಂದ್ರು. ಹೆಸರು ಕೇಳ್ದೆ, ಮನೆ ಎಲ್ಲಿ ಅಂತ ಕೇಳ್ದೆ, ಹೇಳಿದ್ರು. ಮಾತಿನ ಮಧ್ಯೆ ಎದ್ದು ಹೋಗಿ ಗಂಟೆ ಹೊಡೆಯೋಕೆ ಮನಸ್ಸಾಗ್ಲಿಲ್ಲ. ತಪ್ಪು ಅಂದ್ರೆ ತಪ್ಪು ಸಾರ್.”

9. ಸದರಿ ಹೇಳಿಕೆಯಲ್ಲಿ ಈ ಕೆಳಕಂಡ ಅಪರಾಧಗಳು ತಾವಾಗಿಯೇ ಸಾಬೀತಾಗಿವೆ:
(ಅ) ಅನುಮೋದಿತ ಪಟ್ಟಿಯಲ್ಲಿಲ್ಲದ ಪ್ರಶ್ನೆ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡದ್ದು.
(ಆ) ಮೊದಲ ಭಾನುವಾರವೇ ‘ತಾಯಿ’ ಎಂದದ್ದು. ಈ ಸಂಬೋಧನೆಗೆ ಕನಿಷ್ಠ ಮೂರು ವರ್ಷದ ಸದಸ್ಯತ್ವ ಅಗತ್ಯ.
(ಇ) ತನ್ನ ಪಾಲಿನ ಚಹಾ ಕೊಟ್ಟು, ಉಪಸಮಿತಿಯ ಚಹಾಕೂಟದ ಮೇಲೆ ಜನರಿಗೆ ತಾತ್ಸಾರ ಬರುವಂತೆ ಮಾಡಿದ್ದು.
ಆದ್ದರಿಂದ ಗಂಟೆಯಜ್ಜನನ್ನು ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡಲಾಗಿದೆ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಅವರ ಮೇಲೆ ಇದೇ ಮೊದಲ ದೂರು. ಇಷ್ಟು ವರ್ಷ ಅವರು ಯಾರ ಕಣ್ಣಿಗೂ ಬೀಳದಿದ್ದುದೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಗಂಟೆ ಮೌನವಾಗಿರುವ ಭಾನುವಾರಗಳಲ್ಲಿ ಸಭಾಸದರು ತಂತಮ್ಮ ಗಡಿಯಾರ ನೋಡಿಕೊಂಡು ಬರತಕ್ಕದ್ದು.

10. ನಿಯಮಾನುಸಾರ ಸ್ವಾಗತಿಸಿದರೆ ಎಲ್ಲವೂ ಸುಸೂತ್ರವಾಗುತ್ತದೆ ಎಂಬುದಕ್ಕೆ ಕಳೆದ ಭಾನುವಾರವೇ ಸಾಕ್ಷಿ. ಅಂದು ‘ಹಸಿರು ಕೊಡೆ’ಯವರು ಮತ್ತೆ ಬಂದು, ಖಾಲಿ ಸ್ಟೂಲಿನ ಪಕ್ಕ ನಿಂತು, “ಅಜ್ಜ ಎಲ್ಲಿ?” ಎಂದು ಕರ್ತವ್ಯದಲ್ಲಿದ್ದ ಸ್ವಾಗತಕಾರರನ್ನು ಕೇಳಿರುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೂ ಅಧಿಕಾರ ವಹಿಸಿಲ್ಲವಾದ್ದರಿಂದ ಸ್ವಾಗತಕಾರರು ನಗುವಿನ ನಿಯಮವನ್ನಷ್ಟೇ ಪಾಲಿಸಿದ್ದಾರೆ. ಎರಡನೇ ಭಾನುವಾರವಾದ್ದರಿಂದ ಮೇಲಿನ ಸಾಲಿನ ಹಲ್ಲು ತೋರಿಸಿದ್ದಾರೆ. ಸದರಿಯವರು ಕೊಡೆ ಬಿಡಿಸಿಕೊಂಡು ಹಿಂದಿರುಗಿದರು. ಹಾಜರಿ ಪುಸ್ತಕದಲ್ಲಿ ಅವರ ಮುಂದೆ ‘ಸ್ವಾಗತಿಸಲಾಗಿದೆ’ ಎಂದು ಬರೆದುಕೊಳ್ಳಲಾಗಿದೆ.

11. ಅವರಿಗೆ ಆತ್ಮೀಯ ಸ್ವಾಗತ ಪತ್ರವೊಂದನ್ನು ಮನೆಗೆ ತಲುಪಿಸಬೇಕೆಂದು ಉಪಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ.

ಮೇಲಿನ ಸೂಚನೆಗಳನ್ನು ಸಭಾಸದರೆಲ್ಲರೂ ಪ್ರೀತಿಯಿಂದ ಪಾಲಿಸತಕ್ಕದ್ದು. ಪ್ರೀತಿ ಕಂಡುಬರದಿದ್ದಲ್ಲಿ ಲಿಖಿತ ಸಮಜಾಯಿಷಿ ಕೇಳಲಾಗುವುದು.

(ಸಹಿ ಇದೆ)
ಕಾರ್ಯದರ್ಶಿ,
ಸ್ವಾಗತ ಮತ್ತು ಆತ್ಮೀಯತೆ ನಿಯಂತ್ರಣ ಉಪಸಮಿತಿ
(ಮೂರನೇ ಬೆಂಚು, ಎಡತುದಿ)

ಪ್ರತಿಗಳು:
1. ಸಭಾಪಾಲಕರಿಗೆ, ಮುಂದಿನ ಪ್ರಸಂಗವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳದಂಥ ವಿಷಯದ ಮೇಲೆ ನೀಡುವಂತೆ ಕೋರಿ.
2. ಐದನೇ ಬೆಂಚಿನ ಕನ್ನಡಕದ ಡಬ್ಬಿಗೆ, ಮಾಹಿತಿಗಾಗಿ.
3. ಒಂಬತ್ತನೇ ಬೆಂಚಿನ ದಿವಂಗತ ತಾತನವರಿಗೆ, ಅವರ ಸ್ಥಳದಲ್ಲೇ.
4. ಗಂಟೆಯಜ್ಜನಿಗೆ, ಗೇಟಿನ ಹೊರಗೆ. ಅಮಾನತು ತೆರವಾಗುವವರೆಗೆ ಅವರೊಡನೆ ಯಾರೂ ಮಾತಾಡತಕ್ಕದ್ದಲ್ಲ.
5. ‘ಹಸಿರು ಕೊಡೆ’ಯವರಿಗೆ, ಸ್ವಾಗತ ಪತ್ರದೊಂದಿಗೆ. ಅವರ ಹೆಸರು, ಮನೆ ಗೊತ್ತಿರುವುದು ಕ್ರಮಸಂಖ್ಯೆ 4ರವರೊಬ್ಬರಿಗೇ ಆದ್ದರಿಂದ, ಸದರಿ ಪತ್ರವನ್ನು ಸ್ಟೂಲಿನ ಮೇಲೆ ಇಡಲಾಗಿದೆ.