ಒಂದೇ ಸೂರಿನ ಸಾಕ್ಷಿ

ನನಗೆ ಬರಬೇಕಾದ ಒಂದು ಸಹಿ ಇನ್ನೂ ಬಂದಿಲ್ಲ. ಕೊಡಬೇಕಾದವಳು ನನ್ನ ಹೆಂಡತಿ. ಕಳೆದ ವರ್ಷದ ಕೊನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಕೇಳಿದ್ದು, ಇವತ್ತಿಗೂ ಅದಕ್ಕಾಗಿ ಪೆನ್ನಿನ ಮುಚ್ಚಳ ತೆಗೆದಿಲ್ಲ. ಬಾಕಿ ವಸೂಲಿಯಲ್ಲಿ ನಾನೇನು ಎಳಸಲ್ಲ. ಬಿಸ್ಕತ್ತು ಕಾರ್ಖಾನೆಯ ಮಾಲೀಕನಿಂದ ಒಲೆಯವರ ಕೈಗವಸು, ಚಹಾದ ಬಿಡುವು, ಕೊನೆಗೆ ವಾರದ ರಜೆ, ಎಲ್ಲವನ್ನೂ ಹಲ್ಲು ಕಿತ್ತ ಹಾಗೆ ಕಿತ್ತುಕೊಂಡವನು. ಆದರೆ ಈ ಒಂದು ಸಹಿಯ ಮುಂದೆ ನನ್ನ ಮೂವತ್ತನಾಲ್ಕು ವರ್ಷದ ಘೋಷಣೆಯ ಗಂಟಲು ಕಟ್ಟಿಹೋಗಿದೆ.

ನಾನು ಆ ಕಾರ್ಖಾನೆಯ ಒಲೆ ವಿಭಾಗದಲ್ಲಿದ್ದೆ, ಸಂಘದ ಕಾರ್ಯದರ್ಶಿಯೂ ಆಗಿದ್ದೆ. ನಮ್ಮ ದೊಡ್ಡ ಮುಷ್ಕರದಲ್ಲಿ ಹದಿನೇಳು ದಿನ ಈ ಊರಿನ ಚಹಾ ಬಿಸ್ಕತ್ತಿನ ಮುಖ ನೋಡಲಿಲ್ಲ. ಮಕ್ಕಳು ಅತ್ತವು, ಮುದುಕರು ಬೈದರು, ಪೊಲೀಸರು (ಅವರಿಗೂ ಚಹಾದ ಚಟ) ಹೊಡೆದರು. ಹದಿನೆಂಟನೆಯ ದಿನ ಮಾಲೀಕ ಬಗ್ಗಿದ. ಅಲ್ಲಿಯವರೆಗೆ ತಿಂಗಳಿಗೊಂದು ರಜೆ ಇದ್ದದ್ದು ಪ್ರತಿ ಭಾನುವಾರ ಆಯಿತು. ಒಂಬೈನೂರು ಜನರಿಗೆ ಭಾನುವಾರ ಅನ್ನುವುದನ್ನು ತಂದುಕೊಟ್ಟವನು ನಾನು. ಈ ಮಾತನ್ನು ದಿನಕ್ಕೆ ಎರಡು ಸಲ ಹೇಳುತ್ತೇನೆ ಅಂತ ಮನೆಯಲ್ಲಿ ನನ್ನ ಮೇಲೆ ದೂರು ಇದೆ. ಅದು ತಪ್ಪು. ಮೂರು ಸಲ ಹೇಳುತ್ತೇನೆ.

ಈಗ ಸಹಿಯ ವಿಷಯ. ನಮ್ಮ ಸಂಘ ಪ್ರತಿ ವರ್ಷ ಒಂದು ಸಂಚಿಕೆ ತರುತ್ತದೆ. ಅದರಲ್ಲಿ ನಿವೃತ್ತ ಹುಲಿಗಳಿಗೆ ತಲಾ ಒಂದು ಪುಟ, ಹೆಸರು 'ಈ ವರ್ಷ ನಾನು'. ವರ್ಷದಲ್ಲಿ ಮಾಡಿದ ಘನಕಾರ್ಯಗಳನ್ನು ಬರೆದುಕೊಡಬೇಕು, ಕೆಳಗೆ ಬರೆದವನ ಜೊತೆ ಒಂದೇ ಸೂರಿನಡಿ ಬಾಳುವ ಒಬ್ಬರ ಸಾಕ್ಷಿ ಸಹಿ ಇರಲೇಬೇಕು. ಈ ನಿಯಮ ಬಂದದ್ದು ನಮ್ಮ ಮಾಜಿ ಅಧ್ಯಕ್ಷರ ಬೆನ್ನಿನಿಂದ. ಒಂದು ವರ್ಷ ಅವರು ಬೆನ್ನ ಮೇಲೆ ಹನ್ನೊಂದು ಲಾಠಿ ಏಟು ತಿಂದ ಕಥೆ ಬರೆದಿದ್ದರು. ಸಭೆಯಲ್ಲಿ ಓದಿದಾಗ ಗಂಡಸರೂ ಮೂಗು ಒರೆಸಿಕೊಂಡರು. ಆಗ ಅವರ ಹೆಂಡತಿ ಹಿಂದಿನ ಸಾಲಿನಿಂದ ಎದ್ದು, ಅದು ಅಟ್ಟದಿಂದ ಕಂಬಳಿ ಇಳಿಸುವಾಗ ಏಣಿಯ ಮೇಲಿಂದ ಜಾರಿದ್ದು, ಏಣಿಗೆ ಹನ್ನೊಂದೇ ಮೆಟ್ಟಿಲು, ಬೇಕಾದವರು ಬಂದು ಎಣಿಸಿ ಅಂದರು. ಅಂದಿನಿಂದ ಸಹಿ. ನಿಯಮ ಬರೆದವನು ನಾನೇ. (ಸಂಘದ ನಿಯಮಗಳೆಲ್ಲ ನನ್ನ ಕೈಬರಹವೇ. ಇದು ಜಂಬವಲ್ಲ, ಮುಂದೆ ಬರುವ ಅನಾಹುತಕ್ಕೆ ಪೀಠಿಕೆ.)

ಹಿಂದಿನ ವರ್ಷಗಳಲ್ಲಿ ಸಹಿಗೆ ಒಂದು ದಿನವೂ ತಕರಾರು ಬರಲಿಲ್ಲ. ಹೆಂಡತಿಗೆ ಹತ್ತಿರದ ಅಕ್ಷರ ಕಾಣುತ್ತಿರಲಿಲ್ಲ. ಎಲ್ಲಿ ಅನ್ನುತ್ತಿದ್ದಳು, ನಾನು ಬೆರಳಿಡುತ್ತಿದ್ದೆ, ಗೀಚುತ್ತಿದ್ದಳು. ಕಳೆದ ವರ್ಷದ ಆರಂಭದಲ್ಲಿ, ನನ್ನ ಕೇಡುಗಾಲಕ್ಕೆ, ನಾನೇ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದೆ. ಘನಕಾರ್ಯಗಳ ಪಟ್ಟಿಯಲ್ಲಿ ಅದು ಮೂರನೆಯದು. ಎರಡನೆಯದು, ಹದಿನಾಲ್ಕು ಮನವಿ ಬರೆದು ನಮ್ಮ ಬೀದಿಗೆ ದೀಪ ತರಿಸಿದ್ದು. (ಈಗ ಅದು ಹಗಲೂ ಉರಿಯುತ್ತದೆ. ಆರಿಸಲು ಬೇರೆ ಮನವಿ ಕೊಡಬೇಕಂತೆ.) ಮೊದಲನೆಯದನ್ನು ಬರೆದದ್ದು ಬರೆದ ಹಾಗೇ ಕೊಡುತ್ತೇನೆ:

"ಏಪ್ರಿಲ್ ಮೂರರಂದು ಬಾಳಸಂಗಾತಿಯ ಬಲ ಮುಂಗೈ ಮುರಿಯಲಾಗಿ, ಇಪ್ಪತ್ತೊಂದು ದಿನಗಳ ಪರ್ಯಂತ ಗೃಹಕೃತ್ಯದ ಸಮಸ್ತ ಹೊಣೆಯನ್ನು ಏಕಾಂಗಿಯಾಗಿ ಹೊತ್ತು, ಎದೆಗುಂದದೆ ನಿರ್ವಹಿಸಿದೆ."

ಎದೆಗುಂದದೆ ಅನ್ನುವುದು ಸ್ವಲ್ಪ ಹೆಚ್ಚಾಯಿತು. ಮೊದಲ ದಿನವೇ ಹಾಲು ಉಕ್ಕಿ ಒಲೆ ಆರಿದಾಗ ಎದೆ ಸಾಕಷ್ಟು ಕುಂದಿತ್ತು. ಇನ್ನೂರ ನಲವತ್ತು ಡಿಗ್ರಿಯ ಒಲೆಯ ಬಾಯಿಗೆ ಎದೆ ಕೊಟ್ಟು ನಿಂತವನಿಗೆ ಒಂದು ಲೀಟರ್ ಹಾಲು ಕಿಮ್ಮತ್ತು ಕೊಡಲಿಲ್ಲ. ಬಿಳಿ ಬಟ್ಟೆಗಳೆಲ್ಲ ಒಂದೇ ಬಕೆಟ್ಟಿನಲ್ಲಿ ನೆನೆದು ಬಿಸ್ಕತ್ತಿನ ಬಣ್ಣಕ್ಕೆ ಬಂದವು. ಅನ್ನ ಒಂದು ದಿನ ಅಂಟು, ಒಂದು ದಿನ ಜಲ್ಲಿ. ಗುಡಿಸಿದ ಕಸ ಬಾಗಿಲ ಹಿಂದೆ ಸಂಘಟಿತವಾಗುತ್ತಿತ್ತು.

ಅವಳು ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಸ್ಟೂಲಿನ ಮೇಲೆ ಕಾಲು ನೀಡಿ, ಪೇಪರನ್ನು ಮೊದಲ ಅಕ್ಷರದಿಂದ ಮುದ್ರಕರ ವಿಳಾಸದವರೆಗೆ ಓದುತ್ತಿದ್ದಳು. ಬಲಗೈ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಮಡಿಲಲ್ಲಿ ಮಗುವಿನ ಹಾಗೆ ಮಲಗಿರುತ್ತಿತ್ತು. ಮೂರು ಹೊತ್ತೂ ನಾನೇ ಚಮಚದಲ್ಲಿ ತಿನ್ನಿಸಿದೆ. ಉಪ್ಪು ಕಮ್ಮಿ ಅನ್ನುವುದು ಬಿಟ್ಟರೆ ಬೇರೆ ನರಳಾಟವಿಲ್ಲ. ಎಂಥ ನೋವು, ಎಂಥ ಸಹನೆ ಅಂತ ನನಗೆ ಕಣ್ಣೀರು ಬರುತ್ತಿತ್ತು. (ಈರುಳ್ಳಿಯನ್ನೂ ನಾನೇ ಹೆಚ್ಚುತ್ತಿದ್ದೆ, ಅದೂ ಇರಬಹುದು.)

ಇನ್ನು ಆ ಕೊನೆಯ ದಿನ. ಸಂಘದ ಗುಮಾಸ್ತ ನಮ್ಮ ಮುಂದಿನ ಕೋಣೆಯಲ್ಲಿ ಬಂದು ಕೂತಿದ್ದ. ಅವನನ್ನು ಎಲ್ಲರೂ ಕಾರ್ಬನ್ ಅನ್ನುತ್ತೇವೆ. ಸಂಘದ ಒಂದು ಚೀಟಿಯನ್ನೂ ಈ ಪುಣ್ಯಾತ್ಮ ಎಸೆದವನಲ್ಲ, ಎಲ್ಲಕ್ಕೂ ಮೂರು ಪ್ರತಿ. ಎರಡು ಗಂಟೆಗೆ ಪುಟ ಪ್ರೆಸ್ಸಿಗೆ ಹೋಗಬೇಕು ಅಂತ ಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ನಮ್ಮ ಮಗಳು ನರ್ಸು, ಪಾಳಿ ಮುಗಿಸಿ ಬಂದು ಚಹಾ ಹೀರುತ್ತಿದ್ದಳು. ಹೆಂಡತಿ ಬೀನ್ಸ್ ಮುರಿಯುತ್ತಿದ್ದಳು. ನಾನು ಪುಟವನ್ನು ಮುಂದಿಟ್ಟು ಬೆರಳಿಟ್ಟೆ.

ಅವಳು ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿದಳು. ಕೈ ಒರೆಸಿಕೊಂಡಳು. ಕನ್ನಡಕ ಏರಿಸಿದಳು. ಓದಿದಳು, ಮತ್ತೆ ಓದಿದಳು.

"ಇದಕ್ಕೆ ಸಹಿ ಹಾಕೋಕಾಗಲ್ಲ. ಸುಳ್ಳಿದೆ."

ಎದೆಗುಂದದೆ ಅನ್ನುವುದನ್ನು ಬೇಕಾದರೆ ಹೊಡೆದುಹಾಕುತ್ತೇನೆ ಅಂದೆ. ಹಾಲಿನ ಪ್ರಕರಣವನ್ನು ಅಡಿಟಿಪ್ಪಣಿಯಲ್ಲಿ ಹಾಕಲೂ ಒಪ್ಪಿದೆ.

"ನಿಮ್ಮ ಎದೆ ವಿಷಯ ಅಲ್ಲ ರೀ, ನನ್ನ ಕೈ ವಿಷಯ. ಮುರಿದಿತ್ತು ಅಂತ ಬರೆದಿದೀರಿ. ಮುರಿದಿರಲಿಲ್ಲ."

ನಾನು ಮಗಳ ಕಡೆ ನೋಡಿದೆ. ಮಗಳು ಲೋಟದೊಳಗೆ ಮುಖ ಅಡಗಿಸಿಕೊಂಡಳು. ಲೋಟ ಚಿಕ್ಕದು, ಮುಖ ದೊಡ್ಡದು, ಎಲ್ಲ ಕಾಣುತ್ತಿತ್ತು. ಗದರಿದ ಮೇಲೆ ಬಾಯಿಬಿಟ್ಟಳು. ಅಮ್ಮ ಬಟ್ಟೆ ಒಣಹಾಕುವಾಗ ಜಾರಿದ್ದು ನಿಜ, ಕೈ ಉಳುಕಿದ್ದೂ ನಿಜ, ಎಕ್ಸ್‌ರೇ ತೆಗೆದದ್ದೂ ನಿಜ. ಮೂಳೆ ಮಾತ್ರ ಕಲ್ಲುಗುಂಡಿನ ಹಾಗಿತ್ತು. ಎರಡು ದಿನ ವಿಶ್ರಾಂತಿ ಸಾಕು ಅಂತ ಡಾಕ್ಟರು ಅಂದರಂತೆ. ಮನೆಗೆ ಬಂದು ಇವಳು ತೆಳ್ಳಗೆ ಒಂದು ಪಟ್ಟಿ ಸುತ್ತಲು ಹೋದಾಗ ಅಮ್ಮ, ದೊಡ್ಡದು ಸುತ್ತು ಅಂದಳಂತೆ. ಎಷ್ಟು ದಿನಕ್ಕೆ ಅಂತ ಇವಳು ಕೇಳಿದ್ದಾಳೆ.

"ನಿಮ್ಮಪ್ಪನ ಮುಷ್ಕರ ಎಷ್ಟು ದಿನ ನಡೀತು ಅಂದ್ಲು. ಹದಿನೇಳು ಅಂದೆ. ಹಾಗಾದ್ರೆ ಇಪ್ಪತ್ತೊಂದು ಅಂದ್ಲು."

ಒಳಗೆ ಗಟ್ಟಿ ಇರಲಿ ಅಂತ ರಟ್ಟು ಇಟ್ಟಿದ್ದರಂತೆ. ಯಾವ ರಟ್ಟು? ನಮ್ಮದೇ ಕಾರ್ಖಾನೆಯ ಬಿಸ್ಕತ್ತಿನ ಡಬ್ಬದ್ದು.

ಮೂರು ಸಲ ಲಾಠಿ ತಿಂದವನು ನಾನು (ಏಣಿ ಅಲ್ಲ), ಒಮ್ಮೆ ಹನ್ನೆರಡು ದಿನ ಜೈಲಿನಲ್ಲಿದ್ದವನು. ಕಾಲ ಕೆಳಗಿನ ನೆಲ ಕುಸಿಯುವುದು ಅಂದರೇನು ಅಂತ ಅಂದೇ ಗೊತ್ತಾದದ್ದು. ನನ್ನದೇ ಮನೆಯಲ್ಲಿ, ನನ್ನದೇ ಮೂಗಿನ ಕೆಳಗೆ ಇಪ್ಪತ್ತೊಂದು ದಿನ ಮುಷ್ಕರ ನಡೆದಿದೆ. ನಾನು ಮುಷ್ಕರಗಾರ್ತಿಗೆ ಚಮಚದಲ್ಲಿ ಅನ್ನ ತಿನ್ನಿಸಿದ್ದೇನೆ.

ಗಾಬರಿಯಲ್ಲಿ ಬಾಯಿಂದ ಬಂದದ್ದು ನಮ್ಮ ಮಾಲೀಕನ ಮಾತು. ನೋಟಿಸ್ ಕೊಡದೆ ಮುಷ್ಕರ ಹೂಡುವುದು ನಿಯಮಬಾಹಿರ ಅಂದುಬಿಟ್ಟೆ.

ಕೊಟ್ಟಿದ್ದೆ ಅಂದಳು. ಮೊದಲು ಬಾಯಲ್ಲಿ ಕೇಳಿದಳಂತೆ, ನಾನು "ಪರಿಶೀಲಿಸೋಣ" ಅಂದೆನಂತೆ. ಆಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳಂತೆ. ಮಾರನೆಯ ದಿನ ನೋಡಿದರೆ ಇಲ್ಲ. ಅಂಥ ಯಾವ ಕಾಗದವನ್ನೂ ನಾನು ಕಂಡಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ ಅಂದೆ. ಆಗ ಕಾರ್ಬನ್ ಕೆಮ್ಮಿದ. ಚೀಲಕ್ಕೆ ಕೈಹಾಕಿ ಬೀದಿದೀಪದ ಕಡತ ತೆಗೆದ. ಮೊದಲ ಮನವಿಯ ಕರಡು ನನ್ನದೇ ಕೈಯಲ್ಲಿತ್ತು: 'ಬೆಳಕು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು'. ಅವನು ಕಾಗದ ತಿರುಗಿಸಿದ.

"ಮಾನ್ಯರೇ, ನನಗೆ ವಾರಕ್ಕೆ ಒಂದು ದಿನ ರಜೆ ಬೇಕು. ಭಾನುವಾರ ಆದರೆ ಒಳ್ಳೆಯದು. ಹದಿನಾಲ್ಕು ದಿನದೊಳಗೆ ಉತ್ತರ ಬರದಿದ್ದರೆ ಕೆಲಸ ನಿಲ್ಲಿಸುತ್ತೇನೆ." ಕೆಳಗೆ ಅವಳ ಸಹಿ. ಮಾರ್ಚ್ ಹದಿನೆಂಟು. ಫ್ರಿಜ್ಜಿನಿಂದ ಕಿತ್ತ ಹಾಳೆಯ ಖಾಲಿ ಬೆನ್ನಿಗೇ ನಾನು ಬೆಳಕಿನ ಹಕ್ಕು ಬರೆದಿದ್ದೆ.

ಕಾರ್ಬನ್ ಬೆರಳು ಮಡಿಸಿ ಎಣಿಸಿದ. ಹದಿನಾರು ದಿನ. ಮುಷ್ಕರ ಪೂರ್ತಿ ಕಾನೂನುಬದ್ಧ ಅಂತ ತೀರ್ಪು ಕೊಟ್ಟ. ಆಮೇಲೆ ಬಹಳ ವಿನಯದಿಂದ, ಹಾಗಾದರೆ ಮುಷ್ಕರದ ಅವಧಿಯಲ್ಲಿ ಕೆಲಸ ಮಾಡಿದವರು ಯಾರು ಅಂತ ಕೇಳಿದ. ಉತ್ತರ ಅವನ ಕೈಯಲ್ಲೇ ಇತ್ತು, ನನ್ನದೇ ಪುಟದಲ್ಲಿ: 'ಏಕಾಂಗಿಯಾಗಿ'.

ನಮ್ಮ ಸಂಘದ ಒಂಬತ್ತನೆಯ ನಿಯಮ ಹೀಗಿದೆ: ಕಾನೂನುಬದ್ಧ ಮುಷ್ಕರ ನಡೆಯುವಾಗ ಕೆಲಸಕ್ಕೆ ಕೈಹಚ್ಚಿದವನ ಬರಹ ಮೂರು ವರ್ಷ ಸಂಚಿಕೆಯಲ್ಲಿ ಬರಕೂಡದು. ದೊಡ್ಡ ಮುಷ್ಕರದಲ್ಲಿ ಕದ್ದು ನಾಲ್ಕು ಡಬ್ಬ ಬಿಸ್ಕತ್ತು ತುಂಬಿದ ಪ್ಯಾಕಿಂಗ್ ಮೇಸ್ತ್ರಿಗಾಗಿ ಅದನ್ನು ಹಲ್ಲು ಕಚ್ಚಿ ಬರೆದವನು ನಾನು. ಆ ಮನುಷ್ಯ ಇಂದಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ನಾಲ್ಕು ಡಬ್ಬಕ್ಕೆ ಅವನು ದ್ರೋಹಿಯಾದರೆ, ಅರವತ್ತಮೂರು ಹೊತ್ತಿನ ಅಡುಗೆ ಮಾಡಿದ ನಾನು ಯಾರು?

ಹಟ ಬಿಡಲಿಲ್ಲ. ನಾನು ಮಾಡದಿದ್ದರೆ ನೀವೆಲ್ಲ ಉಪವಾಸ ಬೀಳುತ್ತಿದ್ದಿರಿ ಅಂದೆ.

ಅವಳು ಬೀನ್ಸಿನ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಬೀಳ್ತಿರಲಿಲ್ಲ. ಎರಡನೇ ದಿನಕ್ಕೆ ನೀವು ಒಪ್ಪಂದಕ್ಕೆ ಕೂರ್ತಿದ್ದಿರಿ. ನೀವು ಮಾಡಿಬಿಟ್ಟಿರಿ, ನನ್ನ ಕೈ ನೋಡಿ ಅಯ್ಯೋ ಪಾಪ ಅಂದಿರಿ. ರಜೆ ಮಾತು ಯಾರೂ ಎತ್ತಲಿಲ್ಲ. ಇಪ್ಪತ್ತೆರಡನೇ ದಿನ ಪಟ್ಟಿ ಬಿಚ್ಚಿ ಹಳೇ ಒಲೆ ಮುಂದೇನೇ ನಿಂತೆ."

ನಾನು ಮನಸ್ಸಿನಲ್ಲೇ ನಮ್ಮ ಭಾನುವಾರಗಳನ್ನು ನೋಡಿಕೊಂಡೆ. ಮದುವೆಯಾಗಿ ಮೂವತ್ತೆರಡು ವರ್ಷ. ಒಂಬೈನೂರು ಜನಕ್ಕೆ ರಜೆ ಸಿಕ್ಕ ಮೇಲೆ ಸಂಘದ ಸಮಿತಿ ಸೇರುತ್ತಿದ್ದದ್ದು ಯಾವ ದಿನ? ಭಾನುವಾರ. ಎಲ್ಲಿ? ಇದೇ ಕೋಣೆಯಲ್ಲಿ. ಪ್ರತಿ ಸಭೆಗೆ ಮೂವತ್ತು ಲೋಟ ಚಹಾ, ತೀರ್ಮಾನ ಕಗ್ಗಂಟಾದರೆ ಅರವತ್ತು. ನಾನು ಗೆದ್ದು ತಂದ ಭಾನುವಾರ ನೇರವಾಗಿ ಅವಳ ತಲೆಯ ಮೇಲೆ ಬಿದ್ದಿತ್ತು. ಕಾರ್ಬನ್ ಕೂಡ ತನ್ನ ಮುಂದಿದ್ದ ಚಹಾ ಲೋಟವನ್ನು ಒಂದು ಗೇಣು ದೂರ ಸರಿಸಿದ. ಅಷ್ಟೂ ವರ್ಷ ಅವನು ಸಕ್ಕರೆ ಜಾಸ್ತಿ ಕೇಳಿದವನು.

ಒಪ್ಪಂದಕ್ಕೆ ಕೂತೆ. ನಾನು ತಿಂಗಳಿಗೆ ಎರಡು ಭಾನುವಾರ ಅಂದೆ. ಅವಳು ಕನ್ನಡಕದ ಮೇಲಿಂದ ನೋಡಿದಳು. ನಾಲ್ಕು ಅಂದೆ. ಐದನೆಯದು ಬಂದರೆ ಅದೂ ಅಂತ ಮಗಳು ಸೇರಿಸಿದಳು. ಕಾರ್ಬನ್ ಮೂರು ಪ್ರತಿ ತೆಗೆದ. ಆದರೆ ನನ್ನ ಪುಟಕ್ಕೆ ಸಹಿ ಮಾತ್ರ ಇಲ್ಲ. ಐವತ್ತೆರಡು ಭಾನುವಾರ ಕಳೆಯಲಿ, ಆಮೇಲೆ ನೋಡೋಣ ಅಂದಳು. (ಪರಿಶೀಲಿಸೋಣ ಅಂತಲೇ ಅಂದಳು. ಬರೆಯಲು ನಾಚಿಕೆಯಾಯಿತು.)

ಪ್ರೆಸ್ಸಿಗೆ ಒಂದು ಪುಟ ಖಾಲಿ ಬಿತ್ತು. ಕಾರ್ಬನ್ ನನ್ನನ್ನು ದಾಟಿ ಅವಳ ಕಡೆ ಹೋಗಿ, ಇಷ್ಟು ದೊಡ್ಡ ಮುಷ್ಕರ ನಡೆಸಿದವರು ನೀವೇ ಏನಾದರೂ ಬರೆದುಕೊಡಬೇಕು ಅಂತ ಕೇಳಿಕೊಂಡ. ಅವಳು ಪೆನ್ನು ತೆಗೆದುಕೊಂಡು ಒಂದು ಸಾಲು ಬರೆದಳು.

"ಏಪ್ರಿಲ್ ಮೂರರಿಂದ ಇಪ್ಪತ್ತಮೂರು: ಕೂತಿದ್ದೆ."

ವರ್ಷವಿಡೀ ಇವಳಿಗೆ ನೆನಪಿಟ್ಟುಕೊಳ್ಳುವಂಥದ್ದು ಇಷ್ಟೇ ಆಯಿತೇ ಅಂತ ಕೇಳಬೇಕು ಅಂದುಕೊಂಡೆ. ಕೇಳಲಿಲ್ಲ. ಪುಟಕ್ಕೆ ಒಂದೇ ಸೂರಿನ ಸಾಕ್ಷಿ ಬೇಕಲ್ಲ, ಮಗಳು ಪಿತೂರಿಯಲ್ಲಿ ಪಾಲುದಾರಳು, ಆದ್ದರಿಂದ ಅವಳ ಸಹಿ ನಡೆಯದು ಅಂತ ಕಾರ್ಬನ್ ಅಂದ. ಉಳಿದವನು ನಾನು. ಹಾಕಿದೆ. ಈ ವರ್ಷದ ಸಂಚಿಕೆ ತೆರೆದು ನೋಡಿ, ನನ್ನ ಹೆಸರಿದೆ. ಅವಳ ಒಂದು ಸಾಲಿನ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ, 'ಕಣ್ಣಾರೆ ಕಂಡಿದ್ದೇನೆ' ಅಂತ.

ಇವತ್ತು ಒಪ್ಪಂದದ ಎರಡನೆಯ ಭಾನುವಾರ. ಅವಳು ಕಿಟಕಿಯ ಪಕ್ಕ ಸ್ಟೂಲಿಗೆ ಕಾಲು ನೀಡಿ ಕೂತಿದ್ದಾಳೆ, ಎರಡೂ ಕೈ ಬರಿಗೈ. ನನ್ನ ಒಲೆಯ ಮೇಲೆ ಹಾಲಿದೆ, ಹೆಚ್ಚು ಹೊತ್ತು ಬರೆಯುವ ಹಾಗಿಲ್ಲ. ನೀವೂ ವರ್ಷದ ಕೊನೆಗೆ ಘನಕಾರ್ಯಗಳ ಪಟ್ಟಿ ಮಾಡಿಟ್ಟುಕೊಂಡಿದ್ದೀರಿ, ನನಗೆ ಗೊತ್ತು. ಅದನ್ನು ಹೊರಗೆ ತೆಗೆಯಿರಿ. ಮೊದಲು ಹಾಳೆ ತಿರುಗಿಸಿ ಹಿಂದೆ ಯಾರದಾದರೂ ಅಕ್ಷರ ಇದೆಯೇ ನೋಡಿ. ಆಮೇಲೆ ನಿಮ್ಮ ಸೂರಿನಡಿ ದುಡಿಯುವವರ ಮುಂದೆ ಇಟ್ಟು, ಕನ್ನಡಕ ಅವರ ಕೈಗೆ ಕೊಟ್ಟು, ನಿಮ್ಮ ಬೆರಳು ಹಿಂದಕ್ಕೆ ಎಳೆದುಕೊಳ್ಳಿ. ಸಹಿ ಬಿದ್ದರೆ ತಂದು ತೋರಿಸಿ. ಇವತ್ತೇ.